ಊರಿನ ಹೆಸರು ಫ್ರಂಟ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಓದಲು ಬರುತ್ತಿದ್ದುದು ಇಬ್ಬರಿಗೆ ಮಾತ್ರ, ಅಣ್ಣನಿಗೆ ಮತ್ತು ನನಗೆ. ಅಣ್ಣ ಸೈನ್ಯಕ್ಕೆ ಸೇರಿ ಹೋದ ಮೇಲೆ ನಾನೊಬ್ಬಳೇ ಉಳಿದೆ. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ ಹತ್ತು ವರ್ಷದ ನಾನು ಜಾಲಹಳ್ಳಿಯ ಆ ಮಣ್ಣಿನ ಮನೆಗೆ ದೊಡ್ಡ ಪಂಡಿತೆಯಾದೆ. ಸಂತೆಯಿಂದ ಬೆಲ್ಲ ಕಟ್ಟಿಕೊಂಡು ಬಂದ ಪೇಪರಿನ ಚೂರನ್ನೂ ಅವ್ವ ನನ್ನ ಮುಂದೆ ಹಿಡಿದು, "ಏನ್ ಬರದಾರ ನೋಡಬೇ" ಎನ್ನುತ್ತಿದ್ದಳು. ಅರ್ಥವಾಗದಿದ್ದರೂ ನಾನು ಏನೋ ಒಂದು ಹೇಳಿಬಿಡುತ್ತಿದ್ದೆ. ನಾನು ಹೇಳಿದ್ದು ಸರಿಯೋ ತಪ್ಪೋ ನೋಡುವವರು ಯಾರಿದ್ದರು? ಈ ಕೆಟ್ಟ ಚಾಳಿ ಆಗಲೇ ಶುರುವಾಗಿತ್ತು.

ನನಗೆ ಅಕ್ಷರ ಕಲಿಸಿದವನು ಅಣ್ಣನೇ. ನಮ್ಮದು ಕುರಿ ಸಾಕುವ ಮನೆ. ಅಣ್ಣ ಕುರಿ ಕಾಯುವಾಗ ನಾನು ಹಿಂದೆಯೇ ಓಡುತ್ತಿದ್ದೆ. ಜಾಲಿ ಮರದ ನೆರಳಲ್ಲಿ ಕೂತು ಕುರಿ ಹೊಡೆಯುವ ಕೋಲಿನ ತುದಿಯಿಂದ ಅವನು ಮಣ್ಣಲ್ಲಿ ಅಕ್ಷರ ಬರೆಯುತ್ತಿದ್ದ, ನಾನು ಬೆರಳಿನಿಂದ ತಿದ್ದುತ್ತಿದ್ದೆ. ತಪ್ಪಿದರೆ ತಲೆಯ ಮೇಲೆ ಮೆಲ್ಲಗೆ ಕುಟ್ಟಿ, "ಕುರಿ ಜಲ್ದಿ ಕಲೀತಾವ, ನೀನು ಕಲಿಯಂಗಿಲ್ಲ" ಎಂದು ನಗುತ್ತಿದ್ದ. ಸೈನ್ಯಕ್ಕೆ ಹೊರಟ ದಿನ ಅವನು ನನ್ನ ಕಿವಿ ಹಿಡಿದು ಒಂದೇ ಮಾತು ಹೇಳಿದ. "ನಾ ಬರದ ಕಾಗದ ಪೂರಾ ಓದಿ ಹೇಳಬೇಕು. ಒಂದ್ ಸಾಲೂ ಬಿಡಬ್ಯಾಡ."

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಯುದ್ಧದ ಮಾತು ಎಲ್ಲೆಲ್ಲೂ ಇತ್ತು. ಬಸ್ ನಿಲ್ಲುವ ಜಾಗದ ಹೋಟೆಲಿನಲ್ಲಿ ಒಂದು ರೇಡಿಯೋ ಇತ್ತು. ಚಹಾ ಕುಡಿಯದವರೂ ಅದರ ಸುತ್ತ ನಿಂತಿರುತ್ತಿದ್ದರು. ಅಂಥ ಒಂದು ದಿನ ಅಣ್ಣನ ಕಾಗದ ಬಂತು. ನೀಲಿ ಬಣ್ಣದ, ಮೂರು ಮಡಿಕೆಯ ಕಾಗದ. ಅಪ್ಪ ಕಂಬದ ಪಕ್ಕ ಕೂತ. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ನಾನು ಆರಾಮಿದ್ದೇನೆ. ನಮ್ಮ ಪಲ್ಟನ್ನನ್ನು ಫ್ರಂಟ್‌ಗೆ ಕಳಿಸುತ್ತಿದ್ದಾರೆ. ಇಲ್ಲಿ ಚಳಿ ಬಹಳ. ಸರಕಾರದ ಹೊದಿಕೆ ಇದೆ, ಆದರೆ ಅದರಲ್ಲಿ ನಮ್ಮ ಕುರಿಗಳ ವಾಸನೆ ಇಲ್ಲ. ಮನೆಯ ಉಣ್ಣೆಯ ಕಂಬಳಿ ಒಂದು ಕಳಿಸಿರಿ, ಕಾಯುತ್ತಿರುತ್ತೇನೆ.

ಅಷ್ಟರಲ್ಲಿ ಅವ್ವ ಅಳಲು ಶುರು ಮಾಡಿದ್ದಳು. ಅಪ್ಪ ಅವಳನ್ನು ಗದರಿಸುತ್ತಿದ್ದ. ಕೊನೆಯಲ್ಲಿ ಇನ್ನೂ ಒಂದು ಸಾಲು ಇತ್ತು. ಯಾರೂ ಕೇಳುತ್ತಿರಲಿಲ್ಲ, ನನಗೂ ಅದು ಅಂಥ ದೊಡ್ಡ ಮಾತು ಅನ್ನಿಸಲಿಲ್ಲ. ನಾನು ಕಾಗದ ಮಡಚಿ ಶಾಲೆಯ ಚೀಲದಲ್ಲಿ ಇಟ್ಟುಕೊಂಡೆ.

ಮರುದಿನದಿಂದ ಅವ್ವನದು ಒಂದೇ ಪ್ರಶ್ನೆ. ನೀರಿಗೆ ಹೋದಲ್ಲಿ, ಗಿರಣಿಯಲ್ಲಿ, ಗುಡಿಯ ಕಟ್ಟೆಯಲ್ಲಿ, ಸಿಕ್ಕವರನ್ನೆಲ್ಲ ನಿಲ್ಲಿಸಿ, "ಫ್ರಂಟಿಗೆ ಎಷ್ಟು ದಿನದ ದಾರಿ ಅದ ರೀ?" ಎಂದು ಕೇಳುತ್ತಿದ್ದಳು. ಒಬ್ಬರು ದಿಲ್ಲಿ ದಾಟಿ ಹೋಗಬೇಕು ಎಂದರು. ಇನ್ನೊಬ್ಬರು ಅದು ಗಬ್ಬೂರಿಗಿಂತ ದೊಡ್ಡ ಊರು, ಸುತ್ತ ಕೋಟೆ ಇದೆ ಎಂದು ತಾವೇ ನೋಡಿ ಬಂದವರಂತೆ ಹೇಳಿದರು. ರೇಡಿಯೋದವರು ಮಾತ್ರ 'ಪಶ್ಚಿಮ ರಂಗ', 'ಪೂರ್ವ ರಂಗ' ಎನ್ನುತ್ತಿದ್ದರು.

ನಾನು ಶಾಲೆಯಲ್ಲಿ ಮಾಸ್ತರರನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಒಂದು ಸೊಟ್ಟ ಗೆರೆ ಎಳೆದು, ಗೆರೆಯ ಎರಡೂ ಕಡೆ ಸೈನಿಕರೆಂದು ಚುಕ್ಕೆ ಇಟ್ಟರು. "ಎರಡು ಸೈನ್ಯ ಎದುರಾಬದರಾ ನಿಂತು ಎಲ್ಲಿ ಹೊಡದಾಡತಾವ ನೋಡು, ಆ ಸಾಲಿಗೆ ಫ್ರಂಟ್ ಅಂತಾರ. ಅದಕ್ಕ ರಂಗ ಅಂತಾನೂ ಅಂತಾರ. ಅದು ಊರಲ್ಲ. ಒಂದ್ ಕಡೆಯವರು ಮುಂದ ಬಂದ್ರ ಅದೂ ಸರೀತದ, ಹಿಂದ ಹೋದ್ರ ಅದೂ ಹಿಂದಕ ಬರತದ." ಹೀಗೆ ಹೇಳಿ ಅವರು ಗೆರೆಯನ್ನು ಅಂಗೈಯಿಂದ ಒರೆಸಿ ಸ್ವಲ್ಪ ಈಚೆಗೆ ಮತ್ತೊಂದು ಎಳೆದರು. ಒರೆಸುವಾಗ ಕೆಲವು ಚುಕ್ಕೆಗಳೂ ಅಳಿಸಿಹೋದವು. ಅದನ್ನು ನಾನು ನೋಡಿದೆ, ಆದರೆ ಅವ್ವನಿಗೆ ಹೇಳಲಿಲ್ಲ.

ಮನೆಗೆ ಬಂದು ಅಪ್ಪನಿಗೆ ನನ್ನದೇ ರೀತಿಯಲ್ಲಿ ಬಿಡಿಸಿ ಹೇಳಿದೆ. ನಮ್ಮ ಕುರಿಗಳ ಹಟ್ಟಿ ಇದ್ದಂತೆ, ಇವತ್ತು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹೊಲದಲ್ಲಿ. ಭತ್ತದ ಸುಗ್ಗಿ ಮುಗಿದ ಮೇಲೆ ಅಪ್ಪ ಪ್ರತಿ ವರ್ಷ ಕುರಿ ಹೊಡೆದುಕೊಂಡು ಮಾನ್ವಿ ಕಡೆಯ ಗದ್ದೆಗಳಿಗೆ ಹೋಗುತ್ತಿದ್ದ. ಗೊಬ್ಬರಕ್ಕಾಗಿ ಅಲ್ಲಿಯವರು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಅಲ್ಲಿಗೆ ರೊಟ್ಟಿಯ ಬುತ್ತಿ ಕಳಿಸುವಾಗ, ಹಟ್ಟಿ ಈಗ ಎಲ್ಲಿದೆ ಎಂದು ವಿಚಾರಿಸಿಯೇ ಕಳಿಸಬೇಕಿತ್ತು. ಅಪ್ಪನಿಗೆ ನನ್ನ ಮಾತು ಚೆನ್ನಾಗಿ ಅರ್ಥವಾಯಿತು. "ಹಂಗಂದ್ರ ಸರಿ. ಹಟ್ಟಿ ಎಲ್ಲಿ ಅದ ಅಲ್ಲಿಗೇ ಕಳಿಸೂಣು" ಎಂದು ತಲೆ ಅಲ್ಲಾಡಿಸಿದ. ಇಷ್ಟು ಜಾಣ ಮಗಳನ್ನು ಹೆತ್ತದ್ದಕ್ಕೆ ಅವನಿಗೆ ಹೆಮ್ಮೆಯಾಯಿತು. ನನಗೂ ಆಯಿತು.

ಕಂಬಳಿಗೆ ಅವ್ವ ಕಪ್ಪು ಉಣ್ಣೆಯನ್ನೇ ಆರಿಸಿ ನೂಲಿದಳು. ಅಪ್ಪ ಕುಣಿಯ ಮಗ್ಗದಲ್ಲಿ ಕೂತು ನೇಯ್ದ. ಹುಣಸೆಬೀಜದ ಗಂಜಿ ಹಾಕಿ ಒಣಗಿಸಿದಾಗ ಮನೆಯೆಲ್ಲ ಹುಳಿಹುಳಿಯಾದ ಉಣ್ಣೆಯ ವಾಸನೆ. ಕೊನೆಗೆ ಅವ್ವ ಕಂಬಳಿಯ ಒಂದು ಮೂಲೆಯಲ್ಲಿ ದೇವರ ಭಂಡಾರ, ಅಂದರೆ ಪೂಜೆ ಮಾಡಿದ ಅರಿಶಿನದ ಪುಡಿ, ಚಿಟಿಕೆಯಷ್ಟು ಇಟ್ಟು ಗಂಟು ಕಟ್ಟಿದಳು. ಕುರಿಯ ಹಿಂದೆ ಹೋಗುವ ಗಂಡಸರು ಆ ಗಂಟಿಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಆ ಗಂಟು ಜತೆಗಿದ್ದರೆ ತೋಳವಾಗಲಿ, ಸಿಡಿಲಾಗಲಿ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ಅಣ್ಣ ಸೈನ್ಯಕ್ಕೆ ಹೋಗುವಾಗ ಖಾಕಿ ಬಟ್ಟೆಗೆ ಅದನ್ನು ಎಲ್ಲಿ ಕಟ್ಟುವುದು ಎಂದು ಹಾಗೇ ಹೋಗಿದ್ದ. ಆಗಿನಿಂದಲೂ ಅವ್ವನಿಗೆ ಅದೇ ಕೊರಗು. "ಈ ಗಂಟು ಅವನ ಕೈ ಸೇರಿದ್ರ ಸಾಕವ್ವಾ, ಆಮ್ಯಾಲ ನನಗ ನಿದ್ದಿ ಬರತದ" ಎಂದಳು. ಕಂಬಳಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ದಬ್ಬಣದಿಂದ ಹೊಲಿದಳು. ವಿಳಾಸವನ್ನು ದೇವದುರ್ಗದ ಅಂಚೆ ಕಚೇರಿಯಲ್ಲಿ, ಅಲ್ಲಿನ ಮಸಿಯಿಂದ ನಾನೇ ಬರೆಯಬೇಕೆಂದು ತೀರ್ಮಾನವಾಯಿತು.

ಆ ದಿನ ಬೆಳಿಗ್ಗೆ ಅಪ್ಪ ನನಗೆ ಒಂದೇ ಕೆಲಸ ಹೇಳಿದ್ದ. "ಅಣ್ಣನ ಕಾಗದ ಮರೀಬ್ಯಾಡ." ನಾನು ಹೂಂ ಎಂದೆ. ಆದರೆ ಹಿಂದಿನ ಸಂಜೆ ಗೆಳತಿಗೆ ತೋರಿಸಲು ಕಾಗದವನ್ನು ಚೀಲದಿಂದ ತೆಗೆದು, ಮತ್ತೆ ಮಡಿಕೆ ಕೆಡದಿರಲಿ ಎಂದು ಅವ್ವನ ಪೆಟ್ಟಿಗೆಯ ಕೆಳಗೆ ಒತ್ತಿಟ್ಟಿದ್ದೆ. ಅದು ನೆನಪಾದದ್ದು ಬಸ್ಸು ಊರು ದಾಟಿದ ಮೇಲೆ. ಚೀಲದಲ್ಲಿ ಕೈಹಾಕಿದೆ. ಪಾಟಿ ಇತ್ತು, ಪುಸ್ತಕ ಇತ್ತು, ಕಾಗದ ಇರಲಿಲ್ಲ. ಪಕ್ಕದಲ್ಲಿ ಅಪ್ಪ ಕಂಬಳಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಿಂದ ತಬ್ಬಿ ಕೂತಿದ್ದ. ಕಿಟಕಿಯ ಆಚೆ ಬಿಳಿ ಜೋಳದ ಹೊಲಗಳು ತಣ್ಣಗೆ ನಿಂತಿದ್ದವು. ಆಗಲೇ ಹೇಳಿಬಿಟ್ಟಿದ್ದರೆ ಇಳಿದು ನಡೆದುಕೊಂಡಾದರೂ ವಾಪಸು ಹೋಗಬಹುದಿತ್ತು. ನಾನು ಹೇಳಲಿಲ್ಲ. ಅಪ್ಪ ಹೊಡೆಯುವ ಮನುಷ್ಯನಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದ, ಎಂಟು ದಿನ ಮುಖ ನೋಡುತ್ತಿರಲಿಲ್ಲ. ನನಗೆ ಅದೇ ಹೆದರಿಕೆ.

ಅಂಚೆ ಕಚೇರಿಯಲ್ಲಿ ಜನ ತುಂಬಿದ್ದರು. ಕರಗಿದ ಅರಗಿನ ವಾಸನೆ, ಮಸಿಯ ವಾಸನೆ, ಬೆವರಿನ ವಾಸನೆ. ನಮ್ಮ ಸರದಿ ಬಂದಾಗ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. ಮಗ ಸೈನ್ಯದಲ್ಲಿದ್ದಾನೆ, ಈಗ ಫ್ರಂಟಿನಲ್ಲಿದ್ದಾನೆ, ಅಲ್ಲಿಗೆ ಕಂಬಳಿ ಕಳಿಸಬೇಕು ಎಂದು ಅಪ್ಪ ಹೇಳಿದ.

"ಸೈನ್ಯದಾಗ ಇರೋರಿಗೆ ಊರ ಹೆಸರು ನಡೆಯಂಗಿಲ್ಲ ಯಜಮಾನ್ರ. ನಂಬರ್ ಇರತದ, ಆ ನಂಬರ್ ಹಾಕಿದ್ರ ಎಲ್ಲಿದ್ರೂ ಹುಡುಕಿ ಕೊಡತಾರ. ಕಾಗದ ತಂದೀರೇನು?"

ಅಪ್ಪ ನನ್ನ ಮುಖ ನೋಡಿದ. ಗುಮಾಸ್ತರೂ ನೋಡಿದರು. ಹಿಂದೆ ನಿಂತವರು ಗೊಣಗುತ್ತಿದ್ದರು. ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು.

"ಕಾಗದದಾಗ ನಂಬರ್ ಇಲ್ಲ ಯಪ್ಪಾ. ಹಳೇ ನಂಬರಿಗೆ ಕಳಿಸಬ್ಯಾಡ್ರಿ ಅಂತ ಅಣ್ಣ ಬರದಾನ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಬೆಲ್ಲದ ಪೇಪರು ಓದಿ ರೂಢಿಯಾಗಿತ್ತಲ್ಲ. ಅಪ್ಪನಿಗೆ ಅದು ನ್ಯಾಯವಾಗಿಯೇ ಕಂಡಿತು. "ಖರೇ ಅದ ರೀ. ಹಟ್ಟಿ ಕಿತ್ತಮ್ಯಾಲ ಹಳೇ ಜಾಗಕ್ಕ ಬುತ್ತಿ ಕಳಿಸಿದ್ರ ಯಾರು ಉಣ್ತಾರ? ನಾಯಿ ಉಣ್ತಾವ" ಎಂದ.

"ಹಂಗಲ್ಲ ರೀ. ನಾಳಿ ಕಾಗದ ತಗೊಂಡು ಬರ್ರಿ, ನಾನೇ ನೋಡಿ ಬರದು ಕೊಡತೀನಿ" ಎಂದರು ಗುಮಾಸ್ತರು. ಪಾಪ, ಒಳ್ಳೆಯ ಮನುಷ್ಯ.

"ನಾಳಿ ಕುರಿ ಹೊಡಕೊಂಡು ಮಾನ್ವಿ ಕಡೆ ಹೊಂಟೀನ್ರಿ. ನನ್ನ ಮಗಳು ಓದ್ಯಾಳ. ಆಕಿ ಸುಳ್ಳು ಹೇಳಂಗಿಲ್ಲ."

ಗುಮಾಸ್ತರು, "ಮುಟ್ಟಿದ್ರ ನಿಮ್ಮ ನಸೀಬು" ಎಂದು ಮಸಿ ದೌತಿಯನ್ನು ನನ್ನ ಕಡೆ ಸರಿಸಿದರು. ಬಿಳಿ ಬಟ್ಟೆಯ ಮೇಲೆ ನಾನು ದುಂಡಗೆ ಅಣ್ಣನ ಹೆಸರು ಬರೆದೆ. ಅದರ ಕೆಳಗೆ, ಊರು ಫ್ರಂಟ್. ಅದರ ಕೆಳಗೆ, ರೇಡಿಯೋದಲ್ಲಿ ಮೊದಲು ಕೇಳಿದ್ದ ಪಶ್ಚಿಮ ರಂಗ. ಇನ್ನೊಂದು ಮೂಲೆಯಲ್ಲಿ ನಮ್ಮ ಹೆಸರು, ಜಾಲಹಳ್ಳಿ. ಅಣ್ಣ ಕೋಲಿನಿಂದ ಕಲಿಸಿದ ಅದೇ ಅಕ್ಷರ. ಗುಮಾಸ್ತರು ಹೊಲಿಗೆಯ ಮೇಲೆ ಕೆಂಪು ಅರಗಿನ ಮುದ್ರೆ ಒತ್ತಿದರು.

ಹೊರಗೆ ಬಂದಾಗ ಅಪ್ಪ ಹಗುರಾಗಿದ್ದ. ನನಗೆ ಮಂಡಾಳು, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜತೆಗೆ ಬಿಸಿ ಮಿರ್ಚಿ ಕೊಡಿಸಿದ. ನಾನು ಎರಡು ಮಿರ್ಚಿ ತಿಂದೆ. ರುಚಿಯಾಗಿದ್ದವು. ಗಂಟಲಲ್ಲಿ ಇಳಿಯಲಿಲ್ಲ ಎಂದು ಈಗ ನಿಮ್ಮ ಮುಂದೆ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಸಂಜೆ ಮನೆಗೆ ಬಂದವಳೇ ಪೆಟ್ಟಿಗೆಯ ಕೆಳಗಿಂದ ಕಾಗದ ತೆಗೆದೆ. ನಾನು ಓದದೆ ಬಿಟ್ಟ ಕೊನೆಯ ಸಾಲು ಅಲ್ಲೇ ಇತ್ತು. "ಫ್ರಂಟ್‌ಗೆ ಹೋದರೂ ವಿಳಾಸ ಹಳೆಯದೇ, ಅದೇ ನಂಬರ್ ಬರೆಯಿರಿ, ಊರಿನ ಹೆಸರು ಹಾಕಬೇಡಿ." ಬೆಳಿಗ್ಗೆ ಎದ್ದ ಕೂಡಲೇ ಅಪ್ಪನಿಗೆ ಹೇಳಬೇಕು ಎಂದುಕೊಂಡು ಮಲಗಿದೆ. ನಾನು ಏಳುವ ಹೊತ್ತಿಗೆ ಅಪ್ಪ ಕುರಿಗಳೊಂದಿಗೆ ಹೊರಟುಹೋಗಿದ್ದ. ಅಂಗಳದಲ್ಲಿ ಕುರಿ ಹಿಕ್ಕೆ ಮಾತ್ರ ಬಿದ್ದಿತ್ತು. ಅವ್ವನಿಗೆ ಹೇಳೋಣವೆಂದರೆ ಅವಳು ಎಷ್ಟೋ ದಿನಗಳ ಮೇಲೆ ಹಾಡಿಕೊಂಡು ಕಸ ಗುಡಿಸುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂಬುದರ ಅರ್ಥ ನನಗೆ ಗೊತ್ತಾದದ್ದು ಶಾಲೆಯಲ್ಲಲ್ಲ.

ಕೆಲವೇ ದಿನಗಳಲ್ಲಿ ಯುದ್ಧ ಮುಗಿಯಿತು. ನಾವು ಗೆದ್ದೆವು ಎಂದು ಶಾಲೆಯಲ್ಲಿ ಪೆಪ್ಪರಮೆಂಟು ಹಂಚಿದರು. ಅವ್ವ ಅಣ್ಣ ಬರುತ್ತಾನೆಂದು ಗೋಡೆಗೆ ಸುಣ್ಣ ಬಳಿದಳು. ಆಮೇಲೆ ಒಂದು ತಂತಿ ಬಂತು. ಅದು ಇಂಗ್ಲಿಷಿನಲ್ಲಿತ್ತು, ನನಗೆ ಬರಲಿಲ್ಲ. ಮಾಸ್ತರರು ಬಂದು ಓದಿದರು. ಓದಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಣ್ಣ ಫ್ರಂಟಿನಲ್ಲಿ ಸತ್ತಿದ್ದ. ಅಲ್ಲೇ ಸುಟ್ಟಿದ್ದರು, ದೇಹ ಊರಿಗೆ ಬರಲಿಲ್ಲ.

ಮತ್ತೆ ಸ್ವಲ್ಪ ದಿನಕ್ಕೆ ಅಣ್ಣನ ಜತೆಗಿದ್ದ ಒಬ್ಬ ಸೈನಿಕನ ಕಾಗದ ಬಂತು. ಅವನೂ ಕನ್ನಡದವನೇ. ಮಾನ್ವಿಯಿಂದ ಬಂದಿದ್ದ ಅಪ್ಪ ಕಂಬದ ಪಕ್ಕ ಕೂತ, ಅವ್ವ ಗೋಡೆಗೆ ಒರಗಿದಳು, ನಾನು ಓದಿದೆ. ನಿಮ್ಮ ಮಗ ಧೈರ್ಯವಂತ, ಎಲ್ಲರನ್ನೂ ನಗಿಸುತ್ತಿದ್ದ. ಮುಂದಿನ ಸಾಲು ಹೀಗಿತ್ತು. "ಮನೆಯಿಂದ ಕಂಬಳಿ ಬರುತ್ತದೆ, ಬಂದರೆ ಇಬ್ಬರೂ ಹೊದೆಯೋಣ ಎಂದು ಕೊನೆಯ ದಿನದವರೆಗೂ ಹೇಳುತ್ತಿದ್ದ, ಅಂಚೆ ಬಂದಾಗಲೆಲ್ಲ ಎದ್ದು ಹೋಗಿ ನೋಡುತ್ತಿದ್ದ." ಆ ಸಾಲನ್ನು ನಾನು ಓದಲಿಲ್ಲ. ಅಣ್ಣನ ಮಾತು ಮೀರಿ ಎರಡನೆಯ ಸಲ ಸಾಲು ಬಿಟ್ಟೆ. ಗುಂಡನ್ನು ಕಂಬಳಿ ತಡೆಯುವುದಿಲ್ಲ ಎಂದು ನೀವು ಹೇಳುತ್ತೀರಿ. ನನಗೂ ಗೊತ್ತು. ಆದರೆ ಅವನು ಕಾಯುತ್ತ ಸತ್ತ.

ಎಲ್ಲ ಮುಗಿದ ಮೇಲೆ, ಬೇಸಿಗೆಯಲ್ಲಿ, ಕಂಬಳಿ ವಾಪಸು ಬಂತು. ಅರಗಿನ ಮುದ್ರೆ ಹಾಗೇ ಇತ್ತು. ಬಟ್ಟೆಯ ತುಂಬ ಅಂಚೆಯ ಕರಿ ಠಸ್ಸೆಗಳು, ಅವುಗಳ ನಡುವೆ ನನ್ನ ದುಂಡನೆಯ ಅಕ್ಷರ. ಅಪ್ಪ ಅದನ್ನು ಬಹಳ ಹೊತ್ತು ಸವರಿದ. "ಫ್ರಂಟ್ ಸರದಿತ್ತು ಕಾಣ್ತದ. ಅದಕ್ಕ ಮುಟ್ಟಿಲ್ಲ" ಎಂದ. ಸಾಯುವವರೆಗೂ ಅವನು ಹಾಗೆಯೇ ನಂಬಿದ್ದ. ಅವ್ವ ಆ ಬಿಳಿ ಬಟ್ಟೆಯನ್ನು ಬಿಸಾಡಲಿಲ್ಲ. "ಇದು ಅಲ್ಲಿತನಕ ಹೋಗಿ ಬಂದದ. ನನ್ನ ಮಗ ಇದ್ದ ಜಾಗ ನೋಡಿ ಬಂದದ" ಎಂದು ಅದನ್ನು ಕಂಬಳಿಯ ಹಿಂಬದಿಗೆ ಸೇರಿಸಿ ಹೊಲಿದಳು. ಹಬ್ಬದಲ್ಲಿ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು. ಅದು ಯಾವುದೋ ಊರಿನ ಅಂಚೆ ಕಚೇರಿಯ ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದು ಬಂದದ್ದು ಎಂದು ಅವಳಿಗೆ ಹೇಗೆ ಹೇಳಲಿ? ಹೇಳಲಿಲ್ಲ. ಅವಳೂ ಹೋದಳು.

ಈಗ ನಾನು ರಾಯಚೂರಿನಲ್ಲಿ ಮೊಮ್ಮಕ್ಕಳಾದ ನಿಮ್ಮ ಜತೆ ಇದ್ದೇನೆ. ನಿಮ್ಮ ಬಾಯಲ್ಲಿ ಫ್ರಂಟ್ ಎಂಬ ಮಾತು ದಿನಕ್ಕೆ ಹತ್ತು ಸಲ ಬರುತ್ತದೆ. ಫೋನಿನ ಆಟದಲ್ಲಿ ಅದಿದೆ, ಟಿವಿಯಲ್ಲಿ ಕೆಂಪು ಬಾಣಗಳ ನಡುವೆ ಅದಿದೆ. ದೊಡ್ಡ ಜಡ್ಡು ಬಂದ ವರ್ಷ ದವಾಖಾನೆಯಲ್ಲಿ ದುಡಿದವರನ್ನೂ ಫ್ರಂಟ್‌ಲೈನಿನವರು ಎಂದರು. ಪಾರ್ಸೆಲ್ ಈಗ ಯಾವ ಓಣಿಯ ತಿರುವಿನಲ್ಲಿದೆ ಎಂದು ನೀವು ಫೋನಿನಲ್ಲಿ ನೋಡುತ್ತ, ಹತ್ತು ನಿಮಿಷ ತಡವಾದರೆ ಕುಣಿದಾಡುತ್ತೀರಿ. ಈಗ ಯಾರ ಕಂಬಳಿಯೂ ದಾರಿ ತಪ್ಪಲಾರದು. ಆದರೆ ಟಿವಿ ಹಾಕಿದಾಗ ಮಾಸ್ತರರ ಆ ಗೆರೆ ಇನ್ನೂ ಎಲ್ಲೋ ಒಂದು ಕಡೆ ಸರಿಯುತ್ತಲೇ ಇರುತ್ತದೆ, ಪ್ರತಿ ಸಲ ಒರೆಸುವಾಗಲೂ ಚುಕ್ಕೆಗಳು ಹೋಗುತ್ತವೆ. ಅದು ನಿಲ್ಲುತ್ತದೆ ಎಂಬ ಆಸೆ ನನಗೆ ಉಳಿದಿಲ್ಲ.

ನಿನ್ನೆ ನೀವು ಅದೇ ಕಂಬಳಿಯನ್ನು ಎರಡು ಕುರ್ಚಿಗಳ ಮೇಲೆ ಹೊದಿಸಿ, ಒಳಗೆ ಕೂತು ಯುದ್ಧದ ಆಟ ಆಡುತ್ತಿದ್ದಿರಿ. ಹಿಂಬದಿಯ ಬಟ್ಟೆ ನೋಡಿ, "ಅಜ್ಜಿ, ಊರು ಫ್ರಂಟ್ ಅಂತ ಯಾವ ದಡ್ಡರು ಬರೆದದ್ದು?" ಎಂದು ನಕ್ಕಿರಿ. ಯಾರೋ ಗೊತ್ತಿಲ್ಲ ಎಂದುಬಿಟ್ಟೆ. ಇಷ್ಟು ವರ್ಷಗಳ ಮೇಲೂ ಸುಳ್ಳು ಅಷ್ಟೇ ಸಲೀಸಾಗಿ ಬಂತು. ಅದಕ್ಕೇ ಇದನ್ನು ಬರೆದಿದ್ದೇನೆ. ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಓದಲು ಬರುತ್ತದೆ, ನೀವೇ ಓದಿಕೊಳ್ಳಿ. ಈ ಸಲ ಒಂದು ಸಾಲನ್ನೂ ಬಿಟ್ಟಿಲ್ಲ. ಯಾರಿಗೆ ಓದಿ ಹೇಳಬೇಕಾಗಿತ್ತೋ ಆ ಅಪ್ಪ ಅವ್ವ ಮಾತ್ರ ಇಲ್ಲ.